ಊರಿನ ತೋಟದ ಮನೆಗೆ ಕ್ಯಾಮೆರಾ: ಅಡಿಕೆ ಅಂಗಳ, ಸಿಡಿಲು, ಕರೆಂಟ್ – ಎಲ್ಲಿಂದ ಶುರು ಮಾಡಲಿ?

ತೋಟದಮನೆ · ಭಾನುವಾರ ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ ಇದ್ದಾರೆ. ಸುತ್ತ ಅಡಿಕೆ ತೋಟ. ಹತ್ತಿರದ ಮನೆ ಅಂದರೆ ಅರ್ಧ ಕಿಲೋಮೀಟರ್. ಹೋದ ವರ್ಷ ಕೊಯ್ಲಿನ ಸಮಯದಲ್ಲಿ ಅಂಗಳದಲ್ಲಿ ಒಣಗಲು ಹಾಕಿದ್ದ ಅಡಿಕೆ ಎರಡು ಚೀಲದಷ್ಟು ರಾತ್ರೋರಾತ್ರಿ ಹೋಯಿತು. ಈಗಿನ ರೇಟಿನಲ್ಲಿ ಅದು ಸಣ್ಣ ನಷ್ಟ ಅಲ್ಲ. ಆದರೆ ದುಡ್ಡಿಗಿಂತ ಜಾಸ್ತಿ ಹೋದದ್ದು ಅಮ್ಮನ ನಿದ್ದೆ. ನಾಯಿ ಒಂದು ಸಲ ಬೊಗಳಿದರೆ ಎದ್ದು ಕೂರುತ್ತಾರೆ.

ದೀಪಾವಳಿ ಕಳೆದರೆ ಮತ್ತೆ ಕೊಯ್ಲು. ಅದರೊಳಗೆ ಕ್ಯಾಮೆರಾ ಹಾಕಿಸಬೇಕು ಅಂತಿದ್ದೇನೆ. ಜಾಗ ಹೀಗಿದೆ. ಮನೆ ಮುಂದೆ ಅಂಗಳ, 20 ಮೀಟರ್ ಉದ್ದ. ಅಡಿಕೆ ಚೀಲ ಇಡುವ ಗೋದಾಮು ಮನೆಯಿಂದ 60 ಮೀಟರ್. ಗಾಡಿ ಬರುವ ದಣಪೆ (ಗೇಟು) 140 ಮೀಟರ್. ಹಿತ್ತಲಲ್ಲಿ ಬಚ್ಚಲುಮನೆ. ಮನೆಗೆ ಫೈಬರ್ ಇಂಟರ್ನೆಟ್ ಬಂದಿದೆ, ಆದರೆ ಮಳೆಗಾಲದಲ್ಲಿ ಮರ ಬಿದ್ದರೆ ನಾಲ್ಕು ದಿನ ಇರುವುದಿಲ್ಲ. ಕರೆಂಟೂ ಹಾಗೇ. 150 ಎಎಚ್ ಬ್ಯಾಟರಿಯ ಇನ್ವರ್ಟರ್ ಇದೆ.

ಪೇಟೆಯ ಅಂಗಡಿಯವರು 8 ಕ್ಯಾಮೆರಾದ ಸೆಟ್‌ಗೆ ಕೊಟೇಶನ್ ಕೊಟ್ಟರು. "8 ಮೆಗಾಪಿಕ್ಸೆಲ್ ಸರ್, ಇಡೀ ತೋಟ ಕಾಣುತ್ತದೆ" ಅಂದರು. ನನ್ನ ಬಜೆಟ್ 40,000. ಈ ವಿಷಯದಲ್ಲಿ ನನಗೆ ಏನೂ ಗೊತ್ತಿಲ್ಲ. ಅನುಭವ ಇದ್ದವರು ದಾರಿ ತೋರಿಸಿ.

ಜಯನಗರದಿಂದ · ಭಾನುವಾರ ರಾತ್ರಿ 10.05

ನಾನು ಫ್ಲಾಟ್‌ನಲ್ಲಿ ಬಾಗಿಲ ಹೊರಗೆ ಒಂದು ವೈಫೈ ಕ್ಯಾಮೆರಾ ಹಾಕಿದ್ದೇನೆ. ಮೂರು ಸಾವಿರದ ಒಳಗೆ ಆಯ್ತು. 128 ಜಿಬಿ ಮೆಮೊರಿ ಕಾರ್ಡ್. ಒಂದೂವರೆ ವರ್ಷದಿಂದ ಚೆನ್ನಾಗಿದೆ. ನೀವೂ ಹಾಗೇ ಮೂರು ತಗೊಳ್ಳಿ, ವೈರ್ ಗಲಾಟೆಯೇ ಇಲ್ಲ.

ಹಾಸನ ವೈರಿಂಗ್ · ಭಾನುವಾರ ರಾತ್ರಿ 11.20

ತೋಟದಮನೆ ಸರ್, ನಾನು 14 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. 8 ಕ್ಯಾಮೆರಾ ಬೇಡ. ಮೂರೇ ಹಾಕಿ, ಆದರೆ ಸರಿಯಾದ ಕಡೆ ಹಾಕಿ.

ಜಯನಗರದವರು ಹೇಳಿದ್ದು ಫ್ಲಾಟ್‌ಗೆ ಸರಿ. ತೋಟದ ಮನೆಯ ಗೋಡೆ ದಪ್ಪ, ದೂರ ಜಾಸ್ತಿ, ವೈಫೈ ಅಂಗಳದ ಅಂಚಿಗೆ ಹೋಗುವಷ್ಟರಲ್ಲೇ ಸುಸ್ತಾಗುತ್ತದೆ. ಆಮೇಲೆ ವೈಫೈ ಕ್ಯಾಮೆರಾಗೂ ಕರೆಂಟ್ ವೈರ್ ಬೇಕೇ ಬೇಕಲ್ವಾ? ವೈರ್ ಎಳೆಯುವುದೇ ಆದರೆ ಪೂರ್ತಿ ವೈರ್‌ನಲ್ಲೇ ಮಾಡಿ.

ಮೊದಲು ಒಂದು ಹಾಳೆ ತಗೊಂಡು ಮನೆ, ಅಂಗಳ, ದಾರಿ ಬರೆಯಿರಿ. ಪ್ರತಿ ಜಾಗದ ಎದುರು ಒಂದು ಮಾತು ಬರೆಯಿರಿ: ಇಲ್ಲಿ ಯಾರೋ ಬಂದರು ಅಂತ ಗೊತ್ತಾದರೆ ಸಾಕಾ, ಅಥವಾ ಮುಖ ಕಾಣಬೇಕಾ? ಎರಡೂ ಬೇರೆ ಬೇರೆ ಕೆಲಸ. ಗಿರಾಕಿಗಳು ಎಲ್ಲಾ ಕಡೆ ಮುಖ ಬೇಕು ಅಂತಾರೆ. ಅಂಗಡಿಯವರು ಅಗಲದ ಲೆನ್ಸ್ ಕೊಟ್ಟು ಕಳಿಸುತ್ತಾರೆ.

ಲೆಕ್ಕ ಸುಲಭ. 2 ಮೆಗಾಪಿಕ್ಸೆಲ್ ಚಿತ್ರದ ಅಗಲದಲ್ಲಿ 1920 ಚುಕ್ಕೆ. 2.8 ಎಂಎಂ ಲೆನ್ಸ್ ಸುಮಾರು 100 ಡಿಗ್ರಿ ನೋಡುತ್ತದೆ. 10 ಮೀಟರ್ ದೂರಕ್ಕೆ ಅದು 24 ಮೀಟರ್ ಅಗಲ. ಅಂದರೆ ಒಂದು ಮೀಟರಿಗೆ 80 ಚುಕ್ಕೆ. ಗುರುತಿಲ್ಲದವನ ಮುಖ ಹಿಡಿಯಬೇಕು ಅಂದರೆ ಮೀಟರಿಗೆ 250 ಬೇಕು, ಗೊತ್ತಿರುವವನನ್ನು ಗುರುತಿಸಲು 125. ಹಾಗಾಗಿ 80ರಲ್ಲಿ ಒಬ್ಬ ಮನುಷ್ಯ ನಡೆದ ಅಂತ ಕಾಣುತ್ತದೆ, ಯಾರು ಅಂತ ಕಾಣುವುದಿಲ್ಲ. ಅದೇ ಜಾಗಕ್ಕೆ 6 ಎಂಎಂ ಲೆನ್ಸ್, 4 ಮೆಗಾಪಿಕ್ಸೆಲ್ ಹಾಕಿ. ಅಗಲ 9 ಮೀಟರ್ ಚಿಲ್ಲರೆಗೆ ಇಳಿಯುತ್ತದೆ, ಮೀಟರಿಗೆ 270 ಚುಕ್ಕೆ ಸಿಗುತ್ತದೆ. ಮುಖ ಬಂತು.

ನಿಮ್ಮ ಅಂಗಳಕ್ಕೆ 2.8 ಸಾಕು. ದಣಪೆಗೆ 6 ಎಂಎಂ. ಅಲ್ಲಿ ದಾರಿ ಒಂದೇ, ಬರುವವರು ಅದರಲ್ಲೇ ಬರಬೇಕು. ಎತ್ತರ 8ರಿಂದ 9 ಅಡಿ. ಜಾಸ್ತಿ ಮೇಲೆ ಹಾಕಿದರೆ ಟೋಪಿ ಮಾತ್ರ ಕಾಣುತ್ತದೆ.

ಇನ್ನೊಂದು. ಕೇಬಲ್ ನೀವೇ ನೋಡಿ ತಗೊಳ್ಳಿ. ಒಂದು ತುದಿ ಬಿಡಿಸಿ, ಒಳಗಿನ ತಂತಿಯನ್ನು ಚಾಕುವಿನಿಂದ ಕೆರೆಯಿರಿ. ಪೂರ್ತಿ ತಾಮ್ರ ಇದ್ದರೆ ಎಷ್ಟು ಕೆರೆದರೂ ಕೆಂಪೇ. ಕೆಳಗೆ ಬೆಳ್ಳಗೆ ಕಂಡರೆ ಅದು ಅಲ್ಯುಮಿನಿಯಂ, ಮೇಲೆ ತಾಮ್ರದ ಲೇಪ ಅಷ್ಟೇ. ಸಕಲೇಶಪುರದ ಕಡೆ ಒಬ್ಬರ ತೋಟದಲ್ಲಿ ಬೇರೆಯವರು ಹಾಕಿದ್ದ ಕ್ಯಾಮೆರಾ ನೋಡಲು ಕರೆದಿದ್ದರು. ಹಗಲೆಲ್ಲಾ ಸರಿ, ಕತ್ತಲಾದ ಕೂಡಲೇ ಪರದೆ ಕಪ್ಪು, ಮತ್ತೆ ಬರುತ್ತದೆ, ಮತ್ತೆ ಹೋಗುತ್ತದೆ. ಕ್ಯಾಮೆರಾ ಎರಡು ಸಲ ಬದಲಾಯಿಸಿದ್ದರು ಪಾಪ. ನಾನು ತಂತಿ ಕೆರೆದೆ, ಬೆಳ್ಳಗೆ. 80 ಮೀಟರ್ ದೂರಕ್ಕೆ 12 ವೋಲ್ಟ್ ಕಳಿಸುತ್ತಿದ್ದರು. ಕತ್ತಲಲ್ಲಿ ಐಆರ್ ದೀಪ (ಕಣ್ಣಿಗೆ ಕಾಣದ ಬೆಳಕಿನದ್ದು) ಹತ್ತಿದರೆ ಕ್ಯಾಮೆರಾ ಜಾಸ್ತಿ ಎಳೆಯುತ್ತದೆ, ತಂತಿಯಲ್ಲೇ ವೋಲ್ಟೇಜ್ ಇಳಿದು ಕ್ಯಾಮೆರಾ ನಿಲ್ಲುತ್ತದೆ. ನಿಂತ ಕೂಡಲೇ ವೋಲ್ಟೇಜ್ ಏರುತ್ತದೆ, ಮತ್ತೆ ಹೊತ್ತಿಕೊಳ್ಳುತ್ತದೆ. ರಾತ್ರಿಯಿಡೀ ಇದೇ. ಕೇಬಲ್ ಬದಲಾಯಿಸಿದ ದಿನ ಸರಿಯಾಯಿತು.

ಬಜೆಟ್ ಕಡಿಮೆ ಇದ್ದರೆ ಡಿವಿಆರ್ (ಹಳೇ ಮಾದರಿಯ ರೆಕಾರ್ಡರ್), 3+1 ಕೇಬಲ್ (ಚಿತ್ರಕ್ಕೆ ಟಿವಿ ಕೇಬಲ್ ಥರದ ಕೋಆಕ್ಸ್, ಜೊತೆಗೆ ಕರೆಂಟಿನ ತಂತಿ) ಸಾಕು. ಕೋಆಕ್ಸ್ ದೂರಕ್ಕೆ ಒಳ್ಳೆಯದು.

ಪ್ಯಾಕೆಟ್ · ಸೋಮವಾರ ಬೆಳಿಗ್ಗೆ 7.15

ಹಾಸನ ವೈರಿಂಗ್ ಅಣ್ಣ ಹೇಳಿದ ಲೆನ್ಸ್ ಲೆಕ್ಕ ಚಿನ್ನದಂಥ ಮಾತು. ಡಿವಿಆರ್ ವಿಷಯಕ್ಕೆ ಮಾತ್ರ ನನ್ನದು ಬೇರೆ ಅಭಿಪ್ರಾಯ. ಹೊಸದಾಗಿ ಹಾಕುವವರು ಐಪಿ ಕ್ಯಾಮೆರಾ (ನೆಟ್‌ವರ್ಕ್ ಕೇಬಲ್‌ನಲ್ಲಿ ನಡೆಯುವುದು), ಎನ್‌ವಿಆರ್ (ಅದರ ರೆಕಾರ್ಡರ್) ಕಡೆ ಹೋಗಿ. ಒಂದೇ ಕ್ಯಾಟ್ 6 ಕೇಬಲ್‌ನಲ್ಲಿ ಚಿತ್ರವೂ ಬರುತ್ತದೆ, ಕರೆಂಟೂ ಹೋಗುತ್ತದೆ. ಅದಕ್ಕೇ ಪಿಒಇ ಅನ್ನುವುದು. ಇದರಲ್ಲಿ ಹೋಗುವುದು 48 ವೋಲ್ಟ್ ಆಸುಪಾಸು, ಹಾಗಾಗಿ ಅಣ್ಣ ಹೇಳಿದ ವೋಲ್ಟೇಜ್ ಇಳಿಯುವ ತೊಂದರೆ ಬಹಳ ಕಡಿಮೆ. ಆದರೆ ಮಿತಿ 100 ಮೀಟರ್. ದಣಪೆ 140 ಮೀಟರ್ ಅಂದಿರಿ. ನೇರ ಎಳೆಯಲು ಆಗುವುದಿಲ್ಲ. ಗೋದಾಮು ನಡುವೆ ಇದೆಯಾ? ಇದ್ದರೆ ಅಲ್ಲಿ ಒಂದು ಸಣ್ಣ ಪಿಒಇ ಸ್ವಿಚ್ (ಕೇಬಲ್‌ಗಳನ್ನು ಕೂಡಿಸಿ ಕರೆಂಟ್ ಕೊಡುವ ಪೆಟ್ಟಿಗೆ) ಇಡಿ. ಮನೆಯಿಂದ ಗೋದಾಮಿಗೆ 60, ಅಲ್ಲಿಂದ ದಣಪೆಗೆ 80. ಎರಡೂ ಮಿತಿಯೊಳಗೆ.

ಡಿಸ್ಕ್ ಲೆಕ್ಕ. ಎಚ್.265ನಲ್ಲಿ (ವಿಡಿಯೊ ಕುಗ್ಗಿಸುವ ವಿಧಾನ) ಒಂದು ಕ್ಯಾಮೆರಾಗೆ 2 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 2 ಮೆಗಾಬಿಟ್ ಇಟ್ಟರೆ ದಿನಕ್ಕೆ ಸುಮಾರು 21.6 ಜಿಬಿ. ಮೂರಕ್ಕೆ 65. ಅಂದರೆ 2 ಟಿಬಿ ಡಿಸ್ಕ್‌ನಲ್ಲಿ ಒಂದು ತಿಂಗಳು. ಕಂಪ್ಯೂಟರಿನ ಹಳೇ ಡಿಸ್ಕ್ ಹಾಕಬೇಡಿ. ದಿನದ 24 ಗಂಟೆ ಬರೆಯುವುದಕ್ಕೇ ಮಾಡಿದ ಡಿಸ್ಕ್ ಸಿಗುತ್ತದೆ, ಡಬ್ಲ್ಯೂಡಿ ಪರ್ಪಲ್, ಸೀಗೇಟ್ ಸ್ಕೈಹಾಕ್ ಅಂತ.

ಈಗ ಮುಖ್ಯ ವಿಷಯ, ಪಾಸ್‌ವರ್ಡ್. 2016ರಲ್ಲಿ ಮಿರಾಯ್ ಅನ್ನುವ ವೈರಸ್ ಲಕ್ಷಗಟ್ಟಲೆ ಕ್ಯಾಮೆರಾ, ಡಿವಿಆರ್, ರೌಟರ್‌ಗಳಿಗೆ ನುಗ್ಗಿತು. ಅದು ಯಾವ ದೊಡ್ಡ ಬೀಗವನ್ನೂ ಮುರಿಯಲಿಲ್ಲ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್‌ಗಳ ಒಂದು ಪಟ್ಟಿ ಇತ್ತು, 60ರಷ್ಟು. ಅದನ್ನೇ ಒಂದೊಂದಾಗಿ ಹಾಕಿ ನೋಡಿತು. ಆ ವರ್ಷ ಅಕ್ಟೋಬರ್‌ನಲ್ಲಿ ಆ ಕ್ಯಾಮೆರಾಗಳನ್ನೇ ಬಳಸಿ ಅಮೆರಿಕದಲ್ಲಿ ದೊಡ್ಡ ದೊಡ್ಡ ವೆಬ್‌ಸೈಟ್‌ಗಳನ್ನು ಗಂಟೆಗಟ್ಟಲೆ ಮಲಗಿಸಿದರು. ಹಾಗಾಗಿ ಹಾಕುವವರು ಇಟ್ಟ ಪಾಸ್‌ವರ್ಡ್ ಅವರು ಮನೆ ಬಿಟ್ಟ ಕೂಡಲೇ ಬದಲಾಯಿಸಿ. ರೌಟರ್‌ನಲ್ಲಿ ಪೋರ್ಟ್ (ಇಂಟರ್ನೆಟ್‌ನಿಂದ ನೇರ ಒಳಗೆ ಬರುವ ದಾರಿ) ತೆರೆಯುತ್ತೇವೆ ಅಂದರೆ ಬೇಡ ಅನ್ನಿ.

ನಮ್ಮ ದೇಶದಲ್ಲೂ ಈಗ ನಿಯಮ ಬಂದಿದೆ. ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಐಟಿ ಸಚಿವಾಲಯ 2024ರ ಏಪ್ರಿಲ್‌ನಲ್ಲಿ ಅಧಿಸೂಚನೆ ಹೊರಡಿಸಿತು, ಅದು 2025ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಸಿಸಿಟಿವಿ ಕ್ಯಾಮೆರಾಗಳು ಸೈಬರ್ ಸುರಕ್ಷತೆಯ ಪರೀಕ್ಷೆ ದಾಟಿರಬೇಕು. ಅಂಗಡಿಯಲ್ಲಿ ಹಳೇ ಸ್ಟಾಕ್ ಕಡಿಮೆ ಬೆಲೆಗೆ ಕೊಡುತ್ತೇನೆ ಅಂದರೆ ಇದನ್ನು ಕೇಳಿ. ಪೆಟ್ಟಿಗೆ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಸಂಖ್ಯೆ ಇದೆಯಾ ನೋಡಿ. ಓಎನ್‌ವಿಐಎಫ್ ಇದೆಯಾ ಅಂತಲೂ ನೋಡಿ. ಅದಿದ್ದರೆ ಮುಂದೆ ಬೇರೆ ಕಂಪನಿಯ ಕ್ಯಾಮೆರಾ ಸೇರಿಸಬಹುದು.

ಕರಾವಳಿಮಳೆ · ಸೋಮವಾರ ಮಧ್ಯಾಹ್ನ 1.30

ಮಾರಾಯ್ರೆ, ಎಲ್ಲ ಸರಿ. ಸಿಡಿಲಿನ ಮಾತು ಯಾರೂ ಎತ್ತಲೇ ಇಲ್ಲ!

ನಮ್ಮದು ಬೆಳ್ತಂಗಡಿ ಕಡೆ. ನಾನು ಮೊದಲು ಹಾಕಿದ್ದು ಬರೀ ತಾಮ್ರದ ಕೇಬಲ್, ಮನೆಯಿಂದ ಪಂಪ್ ಶೆಡ್‌ವರೆಗೆ 70 ಮೀಟರ್. ಮೊದಲನೇ ವರ್ಷ ಮೇ ತಿಂಗಳ ಒಂದು ಸಂಜೆ, ಸಿಡಿಲು ಬಡಿದದ್ದು ತೋಟದ ತೆಂಗಿನ ಮರಕ್ಕೆ. ಹೋದದ್ದು ಶೆಡ್ಡಿನ ಕ್ಯಾಮೆರಾ, ಎನ್‌ವಿಆರ್, ರೌಟರ್, ಟಿವಿ. ಎಲ್ಲ ಒಂದೇ ಕ್ಷಣಕ್ಕೆ. ಪ್ಲಗ್ ತೆಗೆದಿದ್ದೆವು! ಕರೆಂಟಿನ ಪ್ಲಗ್ ತೆಗೆದಿದ್ದೆವು, ಕ್ಯಾಮೆರಾ ಕೇಬಲ್ ತೆಗೆದಿರಲಿಲ್ಲ. ಅದೇ ದಾರಿಯಲ್ಲಿ ಒಳಗೆ ಬಂತು. ಎನ್‌ವಿಆರ್ ಬಿಚ್ಚಿ ನೋಡಿದರೆ ಕೇಬಲ್ ಸಿಕ್ಕಿಸುವ ಜಾಗದಲ್ಲಿ ಉಗುರಿನಷ್ಟು ಕಪ್ಪು ಕಲೆ, ಪ್ಲಾಸ್ಟಿಕ್ ಕರಗಿ ಬೆಲ್ಲದ ಪಾಕದ ಹಾಗೆ ಇಳಿದಿತ್ತು.

ಹಾಗಾಗಿ ಮನೆಯಿಂದ ಗೋದಾಮಿಗೆ ತಾಮ್ರ ಬೇಡ, ಫೈಬರ್ ಎಳೆಯಿರಿ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಎರಡು ತುದಿಗೆ ಒಂದೊಂದು ಮೀಡಿಯಾ ಕನ್ವರ್ಟರ್ (ಫೈಬರನ್ನು ಮಾಮೂಲಿ ನೆಟ್‌ವರ್ಕ್ ಕೇಬಲ್‌ಗೆ ಜೋಡಿಸುವ ಪೆಟ್ಟಿಗೆ) ಬೇಕು, ಹೆಚ್ಚು ಬೆಲೆ ಇಲ್ಲ. ಒಂದು ಎಚ್ಚರ. ಇಂಟರ್ನೆಟ್‌ಗೆ ಎಳೆಯುವ ಫೈಬರ್ ಕೇಬಲ್‌ನ ಪಕ್ಕದಲ್ಲೇ ಒಂದು ಉಕ್ಕಿನ ತಂತಿ ಇರುತ್ತದೆ, ಜೋತು ಬೀಳದೆ ಇರಲಿ ಅಂತ. ಅದನ್ನು ಮನೆಯ ಹೊರಗೇ ಕತ್ತರಿಸಿ ನಿಲ್ಲಿಸಿ. ಒಳಗೆ ತಂದರೆ ಫೈಬರ್ ಹಾಕಿಯೂ ಸುಖ ಇಲ್ಲ.

ಗೋದಾಮಿನಿಂದ ದಣಪೆಗೆ ಪ್ಯಾಕೆಟ್ ಅವರು ಹೇಳಿದ ಹಾಗೆ ಕ್ಯಾಟ್ 6 ಇರಲಿ. ಸಿಡಿಲು ಬಂದರೆ ಗೋದಾಮಿನ ಸ್ವಿಚ್, ಒಂದೆರಡು ಕ್ಯಾಮೆರಾ ಹೋಗಬಹುದು. ಎನ್‌ವಿಆರ್, ಟಿವಿ ಉಳಿಯುತ್ತದೆ. ಆದರೆ ಗೋದಾಮಿಗೆ ಮನೆಯಿಂದ ಇನ್ವರ್ಟರ್ ಲೈನ್ ಎಳೆಯಬೇಡಿ. ಹಾಗೆ ಎಳೆದರೆ ಮತ್ತೆ ತಾಮ್ರದ ದಾರಿ ಆಯಿತಲ್ವಾ? ಅಲ್ಲಿಗೆ ಬೇರೆ ಸೋಲಾರ್ ಪ್ಯಾನೆಲ್ ಇಡಿ. ನೀವು ಹೆದರುವುದು ಕೊಯ್ಲಿನ ಕಾಲಕ್ಕೆ, ನವೆಂಬರ್‌ನಿಂದ ಫೆಬ್ರವರಿ, ಮಾರ್ಚ್‌ವರೆಗೆ. ಆಗ ಬಿಸಿಲಿಗೆ ಬರ ಇಲ್ಲ. ಮಳೆಗಾಲದಲ್ಲಿ ಗೋದಾಮು ಖಾಲಿ, ಬಂದ್ ಮಾಡಿ ಇಡಿ.

ಇನ್ನು ಜೇಡ. ನಗಬೇಡಿ, ಇದು ದೊಡ್ಡ ವಿಷಯ. ಕ್ಯಾಮೆರಾದ ಐಆರ್ ದೀಪಕ್ಕೆ ಹುಳ ಬರುತ್ತದೆ, ಹುಳಕ್ಕೆ ಜೇಡ ಬರುತ್ತದೆ, ಲೆನ್ಸ್ ಮುಂದೆಯೇ ಬಲೆ ಕಟ್ಟುತ್ತದೆ. ಹಗಲು ಆ ಎಳೆ ಕಣ್ಣಿಗೆ ಕಾಣುವುದೇ ಇಲ್ಲ. ರಾತ್ರಿ ದೀಪ ಅದರ ಮೇಲೆ ಬಿದ್ದು ಹಗ್ಗದಷ್ಟು ದಪ್ಪ ಬಿಳಿ ಪಟ್ಟಿ, ಗಾಳಿಗೆ ತೂಗುತ್ತಾ ಇರುತ್ತದೆ. ಹಿಂದಿನ ಅಂಗಳ ಏನೂ ಕಾಣುವುದಿಲ್ಲ. ಅದಲ್ಲದೆ ಬಲೆ ಅಲುಗಿದ ಪ್ರತಿ ಸಲವೂ ಮೊಬೈಲಿಗೆ ಅಲರ್ಟ್. ನಾನು ಮಾಡಿದ್ದು ಇಷ್ಟು. ಕ್ಯಾಮೆರಾದ ಐಆರ್ ಆಫ್ ಮಾಡಿದೆ. ಆರು ಅಡಿ ದೂರದಲ್ಲಿ ಬೇರೆ ಐಆರ್ ಲೈಟ್ ಹಾಕಿದೆ. ಹುಳ ಎಲ್ಲ ಅಲ್ಲಿಗೆ ಹೋಯಿತು. ಆದರೂ ವಾರಕ್ಕೊಮ್ಮೆ ಕೋಲಿಗೆ ಹಿಡಿಸೂಡಿ (ಪೊರಕೆ) ಕಟ್ಟಿ ಒಂದು ಸಲ ಸವರುತ್ತೇನೆ.

ಮಂಗ ಬರುವ ಊರಾದರೆ ಕೇಬಲ್ ಹೊರಗೆ ನೇತಾಡುವ ಹಾಗೆ ಬಿಡಬೇಡಿ. ಪೈಪಿನಲ್ಲಿ ಹಾಕಿ. ಇಲಿ, ಅಳಿಲಿಗೂ ಅದೇ ಮದ್ದು.

ಹಾಸನ ವೈರಿಂಗ್ · ಸೋಮವಾರ ಮಧ್ಯಾಹ್ನ 2.10

ಕರಾವಳಿಯವರು ಹೇಳಿದ್ದು ಒಪ್ಪಿದೆ. ನಾನು ಕೋಆಕ್ಸ್ ಅಂದಾಗ ಸಿಡಿಲು ಲೆಕ್ಕಕ್ಕೆ ಹಿಡಿದಿರಲಿಲ್ಲ. ನಿಮ್ಮ ಊರಿಗೆ ಫೈಬರೇ ಸರಿ. ಮನೆಗೆ ಅರ್ಥಿಂಗ್ ಒಂದು ಸಲ ತೋರಿಸಿ. ಸರ್ಜ್ ಪ್ರೊಟೆಕ್ಟರ್ (ಒಮ್ಮೆಲೇ ಏರಿದ ವೋಲ್ಟೇಜ್ ತಡೆಯುವ ಸಾಧನ) ಹಾಕಿದರೆ ಅದರ ಅರ್ಥ್ ಮನೆಯ ಅದೇ ಅರ್ಥ್‌ಗೆ ಸೇರಬೇಕು. ಬೇರೆ ಗುಂಡಿ ತೋಡಿ ಬೇರೆಯಾಗಿ ಬಿಟ್ಟರೆ ತೊಂದರೆ ಜಾಸ್ತಿ.

ತೋಟದಮನೆ · ಸೋಮವಾರ ರಾತ್ರಿ 9.15

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಗೋದಾಮು ಸರಿಯಾಗಿ ನಡುವೆಯೇ ಇದೆ.

ಈಗ ನನ್ನ ನಿಜವಾದ ಕಷ್ಟ ಹೇಳುತ್ತೇನೆ. ಗುಡುಗು ಕೇಳಿದ ಕೂಡಲೇ ಅಪ್ಪ ಮೈನ್ ಸ್ವಿಚ್ಚೇ ಆಫ್ ಮಾಡುತ್ತಾರೆ, ಇನ್ವರ್ಟರ್ ಸಹಿತ. 40 ವರ್ಷದ ಅಭ್ಯಾಸ. ಆಮೇಲೆ ಹಾಕಲು ಮರೆಯುತ್ತಾರೆ. ರಾತ್ರಿ ಕ್ಯಾಮೆರಾ ಸತ್ತಿರುತ್ತದೆ.

ಎರಡನೆಯದು ಅಮ್ಮ. ಕ್ಯಾಮೆರಾ ಅಂದ ಕೂಡಲೇ ಅವರ ಮುಖ ಸಣ್ಣದಾಯಿತು. "ನೀನು ಬೆಂಗಳೂರಲ್ಲಿ ಕೂತು ನಮ್ಮನ್ನು ನೋಡ್ತಾ ಇರ್ತೀಯಾ?" ಅಂದರು. ನಾನು ಸುಮ್ನೆ ಹೆದರುತ್ತಿದ್ದಾರೆ ಅಂದುಕೊಂಡೆ. ಹಾಕಿದ ಮೇಲೆ ಅಭ್ಯಾಸ ಆಗುತ್ತದೆ ಅಲ್ವಾ?

ಡಲ್ಲಾಸ್ ಕನ್ನಡತಿ · ಮಂಗಳವಾರ ಬೆಳಿಗ್ಗೆ 6.50

ತಮ್ಮಾ, ಇದಕ್ಕೆ ನಾನು ಉತ್ತರ ಬರೆಯಲೇಬೇಕು.

ನಮ್ಮ ಅಪ್ಪ ಅಮ್ಮ ಮೈಸೂರಿನಲ್ಲಿ. ನಾನು ಇಲ್ಲಿಗೆ ಬಂದು 11 ವರ್ಷ. ಅಪ್ಪನಿಗೆ ಬೈಪಾಸ್ ಆದ ಮೇಲೆ ನನಗೆ ಇಲ್ಲಿ ನಿದ್ದೆ ಬರುತ್ತಿರಲಿಲ್ಲ. ರಜೆಗೆ ಹೋದಾಗ ಗೇಟಿಗೆ ಒಂದು, ಹಿತ್ತಲಿಗೆ ಒಂದು, ಹಾಲ್‌ಗೆ ಒಂದು ಕ್ಯಾಮೆರಾ ಹಾಕಿಸಿದೆ. ಅವರನ್ನು ಸರಿಯಾಗಿ ಕೇಳಲೇ ಇಲ್ಲ. ನಿಮ್ಮ ಒಳ್ಳೆಯದಕ್ಕೇ ಅಂದೆ. ಅವರು ಸರಿ ಅಂದರು.

ಇಲ್ಲಿ ಆಫೀಸಿಗೆ ಹೊರಡುವ ಮೊದಲು ಒಂದು ಸಲ, ರಾತ್ರಿ ಮಲಗುವ ಮೊದಲು ಒಂದು ಸಲ ತೆಗೆದು ನೋಡುತ್ತಿದ್ದೆ. ಎರಡು ತಿಂಗಳ ಮೇಲೆ ಒಂದು ವಿಷಯ ಗಮನಕ್ಕೆ ಬಂತು. ನಮ್ಮಪ್ಪ ಬೇಸಿಗೆಯಲ್ಲಿ ಬನಿಯನ್ನೂ ಇಲ್ಲದೆ, ಪಂಚೆ ಮೊಣಕಾಲಿಗೆ ಎತ್ತಿ ಕಟ್ಟಿ, ಕಾಲು ಕುರ್ಚಿ ಮೇಲೆ ಇಟ್ಟು ಪೇಪರ್ ಓದುವವರು. ನಾನು ಹುಟ್ಟಿದಾಗಿನಿಂದ ಹಾಗೇ ನೋಡಿದ್ದೇನೆ. ಕ್ಯಾಮೆರಾದಲ್ಲಿ ಅವರು ಇಸ್ತ್ರಿ ಮಾಡಿದ ಶರ್ಟ್ ಹಾಕಿ, ಎಲ್ಲಾ ಗುಂಡಿ ಹಾಕಿಕೊಂಡು, ನೆಟ್ಟಗೆ ಕೂತಿರುತ್ತಿದ್ದರು. ಏಪ್ರಿಲ್ ತಿಂಗಳ ಸೆಕೆಯಲ್ಲಿ. ಆಮೇಲೆ ಹಾಲ್‌ಗೆ ಬರುವುದನ್ನೇ ಬಿಟ್ಟರು. ಅಮ್ಮನನ್ನು ಕೇಳಿದರೆ, "ಅವರು ರೂಮಿನಲ್ಲೇ ಓದ್ತಾರೆ ಈಗ" ಅಂದರು. ಆ ರೂಮಿನಲ್ಲಿ ಬೆಳಕೇ ಇಲ್ಲ.

ಅವತ್ತೇ ಫೋನ್ ಮಾಡಿ ಹಾಲ್‌ನದ್ದನ್ನು ತೆಗೆಸಿದೆ. ಪಕ್ಕದ ಮನೆಯ ಹುಡುಗ ಬಂದು ಸ್ಕ್ರೂ ಬಿಚ್ಚುವಾಗ ಅಪ್ಪ ಕೆಳಗೆ ಸ್ಟೂಲ್ ಹಿಡಿದು ನಿಂತಿದ್ದರಂತೆ. ಈಗ ಗೇಟು, ಹಿತ್ತಲು ಎರಡೇ. ಅವು ಇಬ್ಬರಿಗೂ ಇಷ್ಟ. ಯಾರಾದರೂ ಬೆಲ್ ಮಾಡಿದರೆ ಅಮ್ಮ ಮೊದಲು ಟಿವಿಯಲ್ಲಿ ನೋಡಿ ಆಮೇಲೆ ಬಾಗಿಲು ತೆಗೆಯುತ್ತಾರೆ.

ನಿಮ್ಮ ಅಮ್ಮ ಸುಮ್ನೆ ಹೆದರುತ್ತಿಲ್ಲ. ಅವರು ಸರಿಯಾಗೇ ಕೇಳಿದ್ದಾರೆ. ಬಚ್ಚಲುಮನೆ ಹಿತ್ತಲಲ್ಲಿದೆ ಅಂದಿರಿ. ಸ್ನಾನ ಮುಗಿಸಿ ಅವರು ಯಾವ ದಾರಿಯಲ್ಲಿ ಒಳಗೆ ಬರುತ್ತಾರೆ, ಯಾವ ಜಾಗದಲ್ಲಿ ಕೂದಲು ಒಣಗಿಸುತ್ತಾರೆ, ಅದನ್ನು ಅವರ ಬಾಯಲ್ಲೇ ಕೇಳಿ. ಆಮೇಲೆ ಕ್ಯಾಮೆರಾ ಎಲ್ಲಿ ಅಂತ ಅವರೇ ಹೇಳಲಿ.

ಧಾರವಾಡದ ವಕೀಲೆ · ಮಂಗಳವಾರ ಬೆಳಿಗ್ಗೆ 10.30

ಡಲ್ಲಾಸ್ ಅಕ್ಕಾರ ಮಾತಿಗೆ ಕಾನೂನಿನ ಕಡೆಯಿಂದ ಒಂದಿಷ್ಟು ಸೇರಿಸುತ್ತೇನೆ.

ಕಲ್ಕತ್ತಾದಲ್ಲಿ ಅಣ್ಣ ತಮ್ಮಂದಿರು ಒಂದೇ ಮನೆಯಲ್ಲಿದ್ದರು. ಒಬ್ಬರು ಮನೆಯ ವಾಸದ ಭಾಗಕ್ಕೂ ಕ್ಯಾಮೆರಾ ಹಾಕಿದರು, ಇನ್ನೊಬ್ಬರ ಒಪ್ಪಿಗೆ ಇರಲಿಲ್ಲ. ಕಲ್ಕತ್ತಾ ಹೈಕೋರ್ಟ್ ಅದು ಸಲ್ಲದು ಅಂದಿತು. 2025ರಲ್ಲಿ ಸುಪ್ರೀಂ ಕೋರ್ಟ್ ಕೂಡ ಆ ತೀರ್ಪಿನಲ್ಲಿ ಕೈ ಹಾಕಲಿಲ್ಲ. ಅಂದರೆ ಒಂದೇ ಸೂರಿನ ಕೆಳಗೆ ಇರುವವರಿಗೂ ಖಾಸಗಿತನದ ಹಕ್ಕು ಇದೆ. ಬಚ್ಚಲು, ಬಟ್ಟೆ ಬದಲಿಸುವ ಜಾಗ ಇವುಗಳ ಕಡೆ ಕ್ಯಾಮೆರಾ ತಿರುಗಿಸಿದರೆ ಐಟಿ ಕಾಯ್ದೆಯ 66ಇ ಕಲಮಿನ ತನಕ ಹೋಗಬಹುದು. ಅದರಲ್ಲಿ ಮೂರು ವರ್ಷದವರೆಗೆ ಶಿಕ್ಷೆ ಇದೆ. ಕೆಲಸದವರ ವಿಷಯದಲ್ಲೂ ಹೀಗೇ. ಕೊಯ್ಲಿಗೆ, ಅಡಿಕೆ ಸುಲಿಯಲು ಬರುವ ಹೆಣ್ಣುಮಕ್ಕಳಿಗೆ ಕ್ಯಾಮೆರಾ ಇದೆ, ಇಲ್ಲಿಂದ ಇಲ್ಲಿಯವರೆಗೆ ಕಾಣುತ್ತದೆ ಅಂತ ಮೊದಲೇ ಹೇಳಿರಿ. ಅವರು ಕೂತು ಉಣ್ಣುವ ಜಾಗ ಬಿಟ್ಟುಬಿಡಿರಿ. ಬಹಳಷ್ಟು ಎನ್‌ವಿಆರ್‌ಗಳಲ್ಲಿ ಬೇಡದ ಭಾಗಕ್ಕೆ ಕಪ್ಪು ಪಟ್ಟಿ ಎಳೆಯುವ ಸೌಲಭ್ಯ ಇರುತ್ತದೆ. ಬಳಸಿರಿ.

ಇನ್ನು ಸಾಕ್ಷಿಯ ಮಾತು. ಕಳ್ಳತನ ಆಯಿತು ಅಂತ ಇಟ್ಟುಕೊಳ್ಳಿ. ಜನ ಮಾಡುವ ತಪ್ಪು ಏನು ಅಂದರೆ ಟಿವಿ ಪರದೆಯನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದು. ಮೂಲ ಫೈಲ್ ಅಷ್ಟರಲ್ಲಿ ಅಳಿಸಿಹೋಗಿರುತ್ತದೆ. ಅವತ್ತೇ ಎನ್‌ವಿಆರ್‌ನಿಂದ ನೇರವಾಗಿ ಪೆನ್‌ಡ್ರೈವ್‌ಗೆ ತೆಗೆಯಿರಿ. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ. ಅದರ 63ನೇ ಕಲಮಿನ ಪ್ರಕಾರ ಇಂಥ ದಾಖಲೆ ಜೊತೆ ಪ್ರಮಾಣಪತ್ರ ಬೇಕು. ಯಂತ್ರ ನೋಡಿಕೊಳ್ಳುವವರು ಒಂದು ಭಾಗ ತುಂಬಬೇಕು, ತಜ್ಞರು ಇನ್ನೊಂದು ಭಾಗ. ಎಲ್ಲಕ್ಕಿಂತ ಮೊದಲು ಗಡಿಯಾರ ಸರಿ ಇಡಿರಿ. ನನ್ನ ಕೈಗೆ ಬಂದ ಒಂದು ಪ್ರಕರಣದಲ್ಲಿ ರಾತ್ರಿ 2 ಗಂಟೆಯ ಘಟನೆ ಪರದೆ ಮೇಲೆ ಸಂಜೆ 6.40 ಅಂತ ಇತ್ತು. ಅದನ್ನು ವಿವರಿಸುವಷ್ಟರಲ್ಲಿ ನಮ್ಮ ಕಕ್ಷಿದಾರರು ಬಹಳ ಕಷ್ಟಪಟ್ಟರು.

ಪ್ಯಾಕೆಟ್ · ಮಂಗಳವಾರ ಬೆಳಿಗ್ಗೆ 11.00

ಗಡಿಯಾರಕ್ಕೆ ಎನ್‌ವಿಆರ್ ಸೆಟ್ಟಿಂಗ್‌ನಲ್ಲಿ ಎನ್‌ಟಿಪಿ ಆನ್ ಮಾಡಿ, ಭಾರತದ ಸಮಯ +5:30 ಆರಿಸಿ. ಇಂಟರ್ನೆಟ್ ಬಂದಾಗೆಲ್ಲಾ ತಾನೇ ಸರಿಪಡಿಸಿಕೊಳ್ಳುತ್ತದೆ. ಒಳಗಿನ ನಾಣ್ಯದ ಗಾತ್ರದ ಬ್ಯಾಟರಿ ಸತ್ತರೆ ಕರೆಂಟ್ ಹೋದಾಗೆಲ್ಲಾ ಸಮಯ ತಪ್ಪುತ್ತದೆ, ಅದನ್ನೂ ನೋಡಿ.

ಅಪ್ಪನ ಮೈನ್ ಸ್ವಿಚ್ ಅಭ್ಯಾಸ ಬಿಡಿಸಲು ಹೋಗಬೇಡಿ. ಅದು ಒಳ್ಳೆಯ ಅಭ್ಯಾಸ. ಬದಲಿಗೆ ಗೋದಾಮು, ದಣಪೆ ಕ್ಯಾಮೆರಾಗಳೊಳಗೇ ಒಂದೊಂದು ಮೆಮೊರಿ ಕಾರ್ಡ್ ಹಾಕಿ. ಅವೆರಡೂ ಸೋಲಾರ್‌ನಲ್ಲಿ ಇರುವುದರಿಂದ ಮನೆಯ ಮೈನ್ ಆಫ್ ಆದರೂ ತಮ್ಮ ಕಾರ್ಡಿನಲ್ಲಿ ಬರೆದುಕೊಳ್ಳುತ್ತಲೇ ಇರುತ್ತವೆ. ಎನ್‌ವಿಆರ್, ರೌಟರ್, ಟಿವಿ ಮೂರಕ್ಕೂ ಒಂದೇ ಬೋರ್ಡ್ ಮಾಡಿಸಿ. ಗುಡುಗಿದರೆ ಆ ಪ್ಲಗ್, ಅಂಗಳದ ಕ್ಯಾಮೆರಾದ ಕೇಬಲ್, ಎರಡೂ ಪಕ್ಕ ಪಕ್ಕದಲ್ಲೇ ಕೈಗೆ ಸಿಗುವ ಹಾಗಿರಲಿ.

ಇನ್ವರ್ಟರ್ ಹಿಂದೆ ಯುಪಿಎಸ್ ಮೋಡ್ ಅಂತ ಒಂದು ಗುಂಡಿ ಇದ್ದರೆ ಅದಕ್ಕೆ ತಿರುಗಿಸಿ. ಇಲ್ಲದಿದ್ದರೆ ಕರೆಂಟ್ ಹೋದ ಕ್ಷಣ ಎನ್‌ವಿಆರ್ ಆಫ್ ಆಗಿ ಮತ್ತೆ ಶುರುವಾಗಲು ಎರಡು ಮೂರು ನಿಮಿಷ ಬೇಕಾಗುತ್ತದೆ. ಮನೆಯ ಕಡೆಯ ಲೋಡ್ 40 ವ್ಯಾಟ್ ದಾಟುವುದಿಲ್ಲ. ನಿಮ್ಮ ಬ್ಯಾಟರಿಯಲ್ಲಿ ಒಂದು ರಾತ್ರಿ ಧಾರಾಳ.

ಸಿರ್ಸಿ ಸೀಮೆ · ಮಂಗಳವಾರ ಸಂಜೆ 5.45

ನಂದೊಂದು ಪ್ರಶ್ನೆ. ರಾತ್ರಿ ಎರಡಕ್ಕೆ ನಿಮ್ಮ ಮೊಬೈಲಿಗೆ ಅಲರ್ಟ್ ಬಂತು. ನೀವು ಬೆಂಗಳೂರಿನಲ್ಲಿ. ಆಗ ಏನು ಮಾಡುತ್ತೀರಿ? ಅಪ್ಪನಿಗೆ ಫೋನ್ ಮಾಡಿದರೆ ಅವರು ಟಾರ್ಚ್ ಹಿಡಿದು ಹೊರಗೆ ಹೋಗುತ್ತಾರೆ. ಅದೇ ಎಲ್ಲಕ್ಕಿಂತ ಅಪಾಯ.

ನಮ್ಮ ಕೇರಿಯಲ್ಲಿ ಏಳು ಮನೆ ಸೇರಿ ಒಂದು ವಾಟ್ಸ್ಆ್ಯಪ್ ಗುಂಪು ಮಾಡಿದ್ದೇವೆ. ಕೊಯ್ಲಿನ ಮೂರು ತಿಂಗಳು ರಾತ್ರಿ ಫೋನ್ ಸೈಲೆಂಟ್ ಮಾಡುವ ಹಾಗಿಲ್ಲ. ಯಾರ ಮನೆಯ ಅಲರ್ಟ್ ಬಂದರೂ ಮೊದಲು ಎಲ್ಲರೂ ತಮ್ಮ ತಮ್ಮ ಅಂಗಳದ ಲೈಟ್ ಹಾಕುತ್ತೇವೆ. ಆಮೇಲೆ 112ಕ್ಕೆ ಫೋನ್. ಒಬ್ಬರೇ ಹೊರಗೆ ಇಳಿಯುವುದಿಲ್ಲ. ಹೋದ ವರ್ಷ ಎರಡು ಸಲ ಹೀಗೆ ಲೈಟ್ ಹತ್ತಿದ ಕೂಡಲೇ ಬೈಕ್ ಸ್ಟಾರ್ಟ್ ಆಗಿ ಹೋದ ಸದ್ದು ಕೇಳಿದ್ದೇವೆ.

ಅಂಗಳಕ್ಕೆ ಮನುಷ್ಯ ಬಂದರೆ ತಾನೇ ಹತ್ತುವ ಲೈಟ್ ಒಂದು ಹಾಕಿಸಿ. ಅಲರ್ಟ್ ಅನ್ನು ಮನುಷ್ಯ, ವಾಹನ ಎರಡಕ್ಕೆ ಮಾತ್ರ ಇಡಿ. ಇಲ್ಲದಿದ್ದರೆ ಬಾಳೆ ಎಲೆ ಅಲುಗಿದರೂ ಫೋನ್ ಹೊಡೆದುಕೊಳ್ಳುತ್ತದೆ, ಒಂದು ವಾರದಲ್ಲಿ ನೀವೇ ಬಂದ್ ಮಾಡುತ್ತೀರಿ.

ತೋಟದಮನೆ · ಮಂಗಳವಾರ ರಾತ್ರಿ 10.20

ಡಲ್ಲಾಸ್ ಅಕ್ಕ, ನಿಮ್ಮ ಬರಹ ಎರಡು ಸಲ ಓದಿದೆ. ಶನಿವಾರ ಊರಿಗೆ ಹೊರಟಿದ್ದೇನೆ. ಏನೂ ಕೊಳ್ಳದೆ ಹೋಗುತ್ತೇನೆ. ಅಮ್ಮನ ಜೊತೆ ಒಂದು ಸುತ್ತು ನಡೆದು ಬರುತ್ತೇನೆ.

ತೋಟದಮನೆ · ಆರು ವಾರದ ನಂತರ, ಭಾನುವಾರ ಮಧ್ಯಾಹ್ನ 3.00

ಎಲ್ಲರಿಗೂ ಮತ್ತೆ ನಮಸ್ಕಾರ. ಕೆಲಸ ಮುಗಿದಿದೆ. ಏನೇನು ಆಯಿತು ಅಂತ ಬರೆಯುತ್ತೇನೆ, ನಮ್ಮಂಥ ಬೇರೆ ಮನೆಯವರಿಗೂ ಬೇಕಾಗಬಹುದು.

ಅಮ್ಮನ ಜೊತೆ ಬೆಳಿಗ್ಗೆ ಆರಕ್ಕೆ ಹೊರಟೆ. ನಾನು ಅಂಗಳದ ಕ್ಯಾಮೆರಾವನ್ನು ಜಗಲಿಯ ಬಲಗಡೆಗೆ ಅಂತ ಗುರುತು ಮಾಡಿದ್ದೆ. ಅಮ್ಮ ಬೇಡ ಅಂದರು. ಬಚ್ಚಲಿನಿಂದ ಬರುವ ದಾರಿಯ ತುದಿ ಅಲ್ಲಿಂದ ಕಾಣುತ್ತದೆ, ನನಗೆ ಅದು ಹೊಳೆದೇ ಇರಲಿಲ್ಲ. ಎಡಗಡೆಯ ಕಂಬ ತೋರಿಸಿದರು. "ಇಲ್ಲಿ ಹಾಕು, ಚಪ್ಪರದ ಮೂಲೆಯೂ ಕಾಣುತ್ತೆ. ಹೋದ ಸಲ ಅವರು ಆ ಮೂಲೆಯಿಂದಲೇ ಬಂದದ್ದು. ಬೆಳಿಗ್ಗೆ ಸೋಗೆ ತುಳಿದಿತ್ತು" ಅಂದರು. ಒಂದು ವರ್ಷ ಆದರೂ ಈ ಮಾತು ನನಗೆ ಗೊತ್ತಿರಲಿಲ್ಲ. ನಾನು ಕೇಳಿಯೇ ಇರಲಿಲ್ಲ.

ಮೂರು ಕ್ಯಾಮೆರಾ. ಅಂಗಳಕ್ಕೆ 2.8, ಗೋದಾಮಿನ ಬಾಗಿಲಿಗೆ 4 ಎಂಎಂ, ದಣಪೆಗೆ 6 ಎಂಎಂ. ಎಲ್ಲಾ 4 ಮೆಗಾಪಿಕ್ಸೆಲ್. ಹಿತ್ತಲಿಗೆ ಏನೂ ಇಲ್ಲ. ಮನೆಯಿಂದ ಗೋದಾಮಿಗೆ ಫೈಬರ್. ಉಕ್ಕಿನ ತಂತಿ ಹೊರಗೇ ಕತ್ತರಿಸಿದ್ದೇವೆ. ಗೋದಾಮಿನ ಮೇಲೆ 150 ವ್ಯಾಟ್ ಪ್ಯಾನೆಲ್, 60 ಎಎಚ್ ಬ್ಯಾಟರಿ, 12 ವೋಲ್ಟ್‌ನಲ್ಲಿ ನಡೆಯುವ ಪಿಒಇ ಸ್ವಿಚ್. ಕೇಬಲ್ ತಗೊಳ್ಳುವಾಗ ಅಂಗಡಿಯಲ್ಲೇ ಚಾಕು ಕೇಳಿ ಕೆರೆದೆ. ಮೊದಲನೇ ಸುರುಳಿ ಬೆಳ್ಳಗೆ ಬಂತು! ಅವರು ಏನೂ ಹೇಳದೆ ಒಳಗಿಂದ ಬೇರೆ ತಂದರು.

ಬಜೆಟ್ 40 ಇದ್ದದ್ದು 52,000 ಆಯಿತು. ಸೋಲಾರ್ ಮತ್ತು ಫೈಬರ್‌ಗೆ ಜಾಸ್ತಿ ಹೋಯಿತು. 8 ಕ್ಯಾಮೆರಾದ ಸೆಟ್ ತಂದಿದ್ದರೆ ಇದಕ್ಕೆ ದುಡ್ಡೇ ಉಳಿಯುತ್ತಿರಲಿಲ್ಲ.

ಹಳೇ ಟಿವಿಯನ್ನು ಜಗಲಿ ಪಕ್ಕದ ಕೋಣೆಗೆ ಹಾಕಿ ಎನ್‌ವಿಆರ್ ಜೋಡಿಸಿದ್ದೇವೆ. ಇದು ಡಲ್ಲಾಸ್ ಅಕ್ಕನ ಮನೆಯಿಂದ ಕಲಿತದ್ದು. ಈಗ ನಾಯಿ ಬೊಗಳಿದರೆ ಅಮ್ಮ ಮೊದಲು ಟಿವಿ ಹಾಕುತ್ತಾರೆ. ಮೊದಲ ವಾರವೇ ಮುಳ್ಳುಹಂದಿ ಬಂದದ್ದು ನೋಡಿದರು. ಮರುದಿನ ನನಗೆ ಫೋನ್ ಮಾಡಿ ಅದರ ನಡಿಗೆ ವರ್ಣಿಸಿದರು, ಹತ್ತು ನಿಮಿಷ. ಮೊನ್ನೆ ರಾತ್ರಿ ಐದು ಗಂಟೆ ಒಂದೇ ನಿದ್ದೆ ಬಂತಂತೆ.

ನನ್ನ ಮೊಬೈಲಿಗೆ ದಣಪೆ, ಗೋದಾಮು ಎರಡೇ ಯಾವಾಗಲೂ ಬರುತ್ತವೆ. ಅಂಗಳದ್ದು ರಾತ್ರಿ 10ರಿಂದ ಬೆಳಿಗ್ಗೆ 5ರ ತನಕ ಮಾತ್ರ. ಅದನ್ನು ಅಮ್ಮನೇ ಹೇಳಿದ್ದು. ಕೊಯ್ಲಿನ ಹೆಂಗಸರಿಗೂ ಟಿವಿ ಮುಂದೆ ಕೂರಿಸಿ ಎಲ್ಲೆಲ್ಲಿ ಕಾಣುತ್ತದೆ ಅಂತ ಅಮ್ಮ ತೋರಿಸಿದರಂತೆ. ಹತ್ತಿರದ ನಾಲ್ಕು ಮನೆ ಸೇರಿ ಗುಂಪೂ ಆಗಿದೆ.

ಅಪ್ಪ ಈಗಲೂ ಗುಡುಗಿದರೆ ಮೈನ್ ತೆಗೆಯುತ್ತಾರೆ. ಹೋದ ವಾರ ಅಕಾಲ ಮಳೆ ಬಂದಾಗ ಹಾಗೇ ಮಾಡಿದರು. ಗೋದಾಮು, ದಣಪೆ ಎರಡೂ ಕಾರ್ಡಿನಲ್ಲಿ ಪೂರ್ತಿ ಇದ್ದವು, ನೋಡಿದೆ.

ಹಾಸನ ವೈರಿಂಗ್ · ಭಾನುವಾರ ಸಂಜೆ 4.20

ಬಹಳ ಖುಷಿಯಾಯಿತು ಸರ್. ಎನ್‌ವಿಆರ್ ಎಲ್ಲಿಟ್ಟಿರಿ? ಟಿವಿ ಪಕ್ಕದಲ್ಲೇ ಇಡಬೇಡಿ. ಕಳ್ಳ ಮೊದಲು ಎತ್ತುವುದು ಅದನ್ನೇ.

ತೋಟದಮನೆ · ಭಾನುವಾರ ಸಂಜೆ 4.35

ದೇವರ ಕೋಣೆ ಹಿಂದಿನ ಮರದ ಕಪಾಟಿನಲ್ಲಿ ಅಣ್ಣ, ಬೀಗ ಇದೆ. ಗಾಳಿಯಾಡಲು ಹಿಂದೆ ನಾಲ್ಕು ತೂತು ಕೊರೆಸಿದ್ದೇನೆ. ಟಿವಿಗೆ 8 ಮೀಟರ್ ಎಚ್‌ಡಿಎಂಐ ಕೇಬಲ್, ಗೋಡೆಯೊಳಗೆ ಪೈಪಿನಲ್ಲಿ ಹೋಗಿದೆ. ಮೌಸ್ ಮಾತ್ರ ಅಮ್ಮನ ಕೈಗೆ ಸಿಗುವ ಕಡೆ ಇದೆ, ವೈರ್ ಇಲ್ಲದ್ದು.

ಕರಾವಳಿಮಳೆ · ಭಾನುವಾರ ಸಂಜೆ 6.10

ಜೇಡ ಬಂತಾ?

ತೋಟದಮನೆ · ಭಾನುವಾರ ಸಂಜೆ 6.30

ನಾಲ್ಕನೇ ದಿನಕ್ಕೇ ಬಂತು! ಗೋದಾಮಿನ ಕ್ಯಾಮೆರಾಕ್ಕೆ. ಅಪ್ಪ ದೋಟಿಗೆ ಹಿಡಿಸೂಡಿ ಕಟ್ಟಿಕೊಂಡಿದ್ದಾರೆ. ಬೆಳಿಗ್ಗೆ ಹಾಲು ಕರೆಯಲು ಹೋಗುವ ಮೊದಲು ಟಿವಿ ನೋಡಿ, ಬಿಳಿ ಪಟ್ಟಿ ಕಂಡರೆ ಹೋಗಿ ಸವರಿ ಬರುತ್ತಾರೆ. ಬೇರೆ ಐಆರ್ ಲೈಟ್ ಮುಂದಿನ ಸಲ ಹೋದಾಗ ಹಾಕುತ್ತೇನೆ. 850 ನ್ಯಾನೊಮೀಟರ್ ಬೆಳಕಿನದ್ದು ತಗೊಳ್ಳಲಾ, 940ರದ್ದು ತಗೊಳ್ಳಲಾ?

ಕರಾವಳಿಮಳೆ · ಭಾನುವಾರ ಸಂಜೆ 6.50

850 ತಗೊಳ್ಳಿ. ಹತ್ತಿರದಿಂದ ನೋಡಿದರೆ ಸಣ್ಣ ಕೆಂಪು ಕಾಣುತ್ತದೆ, ಪರವಾಗಿಲ್ಲ. 940 ಕಣ್ಣಿಗೆ ಕಾಣುವುದಿಲ್ಲ, ಆದರೆ ಕ್ಯಾಮೆರಾಗೂ ಅದರ ಬೆಳಕು ಕಡಿಮೆ ಸಿಗುತ್ತದೆ. ನಿಮ್ಮ ಅಂಗಳ 20 ಮೀಟರ್ ಅಲ್ವಾ, ಅಷ್ಟು ದೂರಕ್ಕೆ 850ಯೇ ಬೇಕು.